ಬೋರ್ಡ್ ಎರಡು ಸಲ ಬದಲಾಯಿತು, ಪಿಎಸ್‌ಎಂ ಹಾಗೇ ಉಳಿಯಿತು

ಮೆಡಿಕಲ್ ಪಿಜಿ ಸೀಟು ಹಂಚುವ ಕೌನ್ಸೆಲಿಂಗ್ ಕೊನೆಯ ಸುತ್ತಿಗೆ ಬಂದಾಗ ಪ್ರತಿ ವರ್ಷ ಅದೇ ಹಾಡು. ರೇಡಿಯಾಲಜಿ, ಡರ್ಮಾ, ಜನರಲ್ ಮೆಡಿಸಿನ್ ಸೀಟುಗಳಿಗೆ ಮೊದಲ ಸುತ್ತಲ್ಲೇ ನೂಕುನುಗ್ಗಲು. ಅನಾಟಮಿ, ಫಿಸಿಯಾಲಜಿ, ಕಮ್ಯುನಿಟಿ ಮೆಡಿಸಿನ್ ಸೀಟುಗಳನ್ನು ಕೇಳುವವರಿಲ್ಲ. 2023ರಲ್ಲಂತೂ ಈ ಸೀಟುಗಳ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ಕಟ್‌ಆಫ್ ಸೊನ್ನೆ ಪರ್ಸೆಂಟೈಲ್‌ಗೆ ಇಳಿಯಿತು. ಅಂದರೆ ಪರೀಕ್ಷೆ ಬರೆದಿದ್ದರೆ ಸಾಕು, ಬನ್ನಿ ಅಂತ. ಆಗ ಎರಡು ಮಾತು ಕೇಳಿಬರುತ್ತವೆ. ಈಗಿನ ಹುಡುಗರಿಗೆ ದುಡ್ಡೇ ಮುಖ್ಯ ಅನ್ನೋದು ಒಂದು. ಆ ಸಬ್ಜೆಕ್ಟೇ ಬೋರು ಅನ್ನೋದು ಇನ್ನೊಂದು. ಕಮ್ಯುನಿಟಿ ಮೆಡಿಸಿನ್ ಮಟ್ಟಿಗಾದರೂ ಕಥೆ ಇಷ್ಟು ಸರಳವಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಭೇದಿಯಾಗಿ ಬಂದವನಿಗೆ ಡ್ರಿಪ್ ಹಾಕೋದು ಜನರಲ್ ಮೆಡಿಸಿನ್. ಒಂದೇ ಬೀದಿಯಲ್ಲಿ ನಲವತ್ತು ಜನಕ್ಕೆ ಯಾಕೆ ಭೇದಿ ಆಯಿತು, ನೀರಿನ ಪೈಪು ಎಲ್ಲಿ ಒಡೆದು ಚರಂಡಿ ನೀರು ಸೇರಿದೆ ಅಂತ ಹುಡುಕೋದು ಕಮ್ಯುನಿಟಿ ಮೆಡಿಸಿನ್. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಮನೆಮನೆ ತಿರುಗಿ, ಕಾಲರಾ ಸಾವುಗಳ ಲೆಕ್ಕ ಹಾಕಿ, ರೋಗ ಹರಡುತ್ತಿದ್ದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಹಿಡಿಕೆ ತೆಗೆಸಿದ ಕಥೆಯನ್ನು ಎಲ್ಲ ವಿದ್ಯಾರ್ಥಿಗಳೂ ಶುರುವಿನಲ್ಲೇ ಕೇಳಿರುತ್ತಾರೆ. ಆ ಕಥೆ ಕೇಳುವಾಗ ಯಾರೂ ಆಕಳಿಸುವುದಿಲ್ಲ. ಪತ್ತೇದಾರಿ ಕಥೆ ಇದ್ದ ಹಾಗೆ ಇರುತ್ತೆ, ಅಲ್ವಾ? ಆಕಳಿಕೆ ಶುರುವಾಗೋದು ಆಮೇಲೆ.

ನಮ್ಮ ದೇಶದಲ್ಲಿ ಇದಕ್ಕೆ ಮೊದಲು ಇದ್ದ ಹೆಸರು ಹೈಜೀನ್. ಕಲ್ಕತ್ತಾದಲ್ಲಿ ಇದಕ್ಕಂತಲೇ 1932ರಲ್ಲಿ ದೊಡ್ಡ ಸಂಸ್ಥೆಯೊಂದು ಶುರುವಾಗಿತ್ತು. 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ವರದಿ ಕೊಟ್ಟಿತು. ಪ್ರತಿ ವೈದ್ಯನಿಗೂ ಮೂರು ತಿಂಗಳು ಪ್ರಿವೆಂಟಿವ್ ಅಂಡ್ ಸೋಷಿಯಲ್ ಮೆಡಿಸಿನ್ ತರಬೇತಿ ಬೇಕು, ಅವನು 'ಸೋಷಿಯಲ್ ಫಿಜಿಶಿಯನ್' ಆಗಬೇಕು ಅಂದಿತು. ಹಾಗೆ ಹೈಜೀನ್ ಹೋಗಿ ಪಿಎಸ್‌ಎಂ ಬಂತು. 1975ರ ಶ್ರೀವಾಸ್ತವ ಸಮಿತಿ ವೈದ್ಯ ಶಿಕ್ಷಣಕ್ಕೂ ಜನರಿಗೂ ಸಂಬಂಧವೇ ತಪ್ಪಿದೆ ಎಂಬಂಥ ಮಾತಾಡಿತು. ಅದರ ಬೆನ್ನಿಗೇ 1977ರಲ್ಲಿ ವೈದ್ಯ ಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ 'ರೋಮ್' ಯೋಜನೆ ಬಂತು. ಪ್ರತಿ ಮೆಡಿಕಲ್ ಕಾಲೇಜೂ ಮೂರು ಬ್ಲಾಕ್‌ಗಳ ಜವಾಬ್ದಾರಿ ಹೊರಬೇಕು, ಎಲ್ಲ ವಿಭಾಗದ ಪ್ರೊಫೆಸರುಗಳೂ ಹಳ್ಳಿಗೆ ಹೋಗಬೇಕು ಅನ್ನೋದು ಲೆಕ್ಕಾಚಾರ. ಸಂಚಾರಿ ಆಸ್ಪತ್ರೆ ವ್ಯಾನುಗಳೂ ಬಂದವು. ವ್ಯಾನು ಹೋದಷ್ಟು ದೂರ ಯಾರ ಮನಸ್ಸೂ ಹೋದಂತೆ ಕಾಣಲಿಲ್ಲ. ಹಳ್ಳಿಗೆ ಹೋಗೋದು ಪಿಎಸ್‌ಎಂ ವಿಭಾಗದ ಕೆಲಸ ಅಂತ ಸುಮ್ನೆ ಒಪ್ಪಂದವಾಗಿಬಿಟ್ಟಿತು. ಬಾಗಿಲ ಮೇಲಿನ ಬೋರ್ಡ್ ಮತ್ತೆ ಬದಲಾಗಿ ಕಮ್ಯುನಿಟಿ ಮೆಡಿಸಿನ್ ಆಯಿತು. ವಿದ್ಯಾರ್ಥಿಗಳ ಬಾಯಲ್ಲಿ ಇವತ್ತಿಗೂ ಪಿಎಸ್‌ಎಂ.

ನಾನು ಎಂಬಿಬಿಎಸ್ ಓದಿದ್ದು 2000ದ ದಶಕದ ಶುರುವಿನಲ್ಲಿ. ಬೆಳಗ್ಗೆ ವಾರ್ಡಿನಲ್ಲಿ ಓಡಾಡಿ, ಊಟ ಮಾಡಿ ಬಂದರೆ ಮಧ್ಯಾಹ್ನ ಎರಡು ಗಂಟೆಗೆ ಈ ಕ್ಲಾಸು. ನಿದ್ದೆಯ ಟೈಮು. ಮ್ಯೂಸಿಯಂನಲ್ಲಿ ಹಾರ್ಡ್ ಟಿಕ್, ಸಾಫ್ಟ್ ಟಿಕ್ ಅನ್ನೋ ಉಣ್ಣೆಗಳು, ನೀರಿನ ಸಣ್ಣ ಜೀವಿ ಸೈಕ್ಲಾಪ್ಸ್, ಬಾವಿಯ ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ನೋಡುವ ಹೊರಾಕ್ಸ್ ಪೆಟ್ಟಿಗೆ, ಕಕ್ಕಸಿನ ವಾಸನೆ, ನೊಣ ತಡೆಯಲು ಗುಂಡಿಯ ಕೊಳವೆಯಲ್ಲಿ ನಿಲ್ಲುವ ನೀರು, ಅಂದರೆ ವಾಟರ್ ಸೀಲಿನ ಮಾಡೆಲ್. ಬಸ್ಸಿನಲ್ಲಿ ನೀರು ಶುದ್ಧೀಕರಣ ಘಟಕಕ್ಕೆ, ಹಾಲಿನ ಡೇರಿಗೆ ಕರ್ಕೊಂಡು ಹೋಗುತ್ತಿದ್ದರು. ನಮಗೆ ಅದು ಪಿಕ್ನಿಕ್. ಇದರಲ್ಲಿ ಯಾವುದೂ ಬೇಡದ ವಿಷಯವಲ್ಲ. ಆದರೆ ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ವಾಟರ್ ಸೀಲ್ ಎಷ್ಟು ಸೆಂಟಿಮೀಟರ್ ಅಂತ. ಅದು ಒಡೆದರೆ ಊರಿಗೆ ಏನಾಗುತ್ತೆ ಅಂತ ಅಲ್ಲ.

ಫ್ಯಾಮಿಲಿ ಸ್ಟಡಿ ಅಂತ ಒಂದಿತ್ತು. ಒಂದು ಮನೆಗೆ ಹೋಗಿ, ಹಿಂದಿನ ದಿನ ಯಾರು ಎಷ್ಟು ತಿಂದರು, ಕಿಟಕಿ ಎಷ್ಟಿವೆ, ಆದಾಯ ಎಷ್ಟು, ಎಲ್ಲ ಬರೆದುಕೊಂಡು ಕ್ಯಾಲೊರಿ ಲೆಕ್ಕ ಹಾಕಿ ರೆಕಾರ್ಡ್ ಸಲ್ಲಿಸಬೇಕು. ನಾನು ಹೋದ ಮನೆಯಲ್ಲಿ ಮಗುವಿಗೆ ಜ್ವರ. ಅರ್ಧ ಗಂಟೆ ನನ್ನ ಪ್ರಶ್ನೆಗೆಲ್ಲ ಉತ್ತರ ಕೊಟ್ಟ ತಾಯಿ ಕೊನೆಗೆ, "ಬರೀ ಬರ್ಕೊಂಡು ಹೋಗೋದೇನಾ ಸ್ವಾಮಿ, ಮಾತ್ರೆ ಗೀತ್ರೆ ಏನೂ ಕೊಡಾಕಿಲ್ವಾ?" ಅಂದರು. ನನ್ನ ಚೀಲದಲ್ಲಿ ಇದ್ದದ್ದು ಪ್ರಶ್ನಾವಳಿ ಮತ್ತು ಅಳತೆ ಟೇಪು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದು ಬಂದೆ. ಎರಡನೇ ಭೇಟಿಗೆ ನಾನು ಹೋಗಲೇ ಇಲ್ಲ. ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ ತುಂಬಿಸಿದೆ. ಹಾಗೆ ಮಾಡಿದವನು ನಾನೊಬ್ಬನೇ ಅಲ್ಲ ಅನ್ನೋದು ಸಮಾಧಾನವೇನಲ್ಲ.

ಇಂಟರ್ನ್‌ಶಿಪ್‌ನಲ್ಲಿ ಎರಡು ತಿಂಗಳು ಹಳ್ಳಿ ಪೋಸ್ಟಿಂಗ್. ಅದನ್ನು ಎಲ್ಲರೂ ಪಿಜಿ ಎಂಟ್ರೆನ್ಸ್‌ಗೆ ಓದುವ ರಜೆ ಅಂತಲೇ ನೋಡುತ್ತಿದ್ದರು. ತಮಾಷೆ ಅಂದರೆ, ಆ ಎಂಟ್ರೆನ್ಸ್‌ನಲ್ಲಿ ಜಾಸ್ತಿ ಪ್ರಶ್ನೆ ಬರುವ ವಿಷಯಗಳಲ್ಲಿ ಪಿಎಸ್‌ಎಂ ಕೂಡ ಒಂದು. ಪಿಎಸ್‌ಎಂ ಕಲಿಯಬೇಕಾದ ಹಳ್ಳಿಯಿಂದ ತಪ್ಪಿಸಿಕೊಂಡು, ಹಾಸ್ಟೆಲ್ ರೂಮಿನಲ್ಲಿ ಕೂತು, ಆರ್ಥೋ (ಮೂಳೆ ವಿಭಾಗದ) ಸೀಟು ಸಿಗಲಿ ಅಂತ ಪಿಎಸ್‌ಎಂ ಉರು ಹೊಡೆಯುವುದು!

ಇಷ್ಟಪಟ್ಟು ತಗೊಂಡವರು ಇಲ್ಲ ಅಂತಲ್ಲ. 1997ರಲ್ಲಿ ಪೋಲಿಯೊ ಕಣ್ಗಾವಲು ಯೋಜನೆ ಶುರುವಾದಾಗ ಎಷ್ಟೋ ವೈದ್ಯರು ಅದಕ್ಕೆ ಸೇರಿ ಜಿಲ್ಲೆ ಜಿಲ್ಲೆ ಸುತ್ತಿದರು. ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯ ವೈರಸ್‌ನಿಂದಲ್ಲ, ಸಹಜ ವೈರಸ್‌ನಿಂದ ಬರುವ) ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆದರೆ ಬಹಳ ಮಂದಿಗೆ ಎಂಡಿ ಮುಗಿದ ಮೇಲೆ ಕಾಣುವ ದಾರಿ ಇನ್ನೊಂದು ಕಾಲೇಜಿನಲ್ಲಿ ಪಾಠ ಹೇಳುವುದು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆಯೇ ನಿರ್ದೇಶನಾಲಯ, ಬೇರೆಯೇ ಕೇಡರ್ (ಅಧಿಕಾರಿಗಳ ಪಡೆ) ಸುಮಾರು ನೂರು ವರ್ಷದಿಂದ ಇದೆ. ಬೇರೆ ಎಷ್ಟೋ ಕಡೆ ಜಿಲ್ಲೆಯ ಆರೋಗ್ಯದ ಹೊಣೆ ಸೀನಿಯಾರಿಟಿ ಮೇಲೆ ಹೋಗುತ್ತದೆ. ಇಪ್ಪತ್ತು ವರ್ಷ ಆಪರೇಷನ್ ಮಾಡಿದವರು ಒಂದು ದಿನ ಡೆಂಗಿ ಲೆಕ್ಕ ನೋಡಲು ಕೂರುತ್ತಾರೆ. ಇನ್ನು ಮದುವೆ ಮನೆಯಲ್ಲಿ "ನೀನು ಯಾವುದರ ಸ್ಪೆಷಲಿಸ್ಟಪ್ಪಾ?" ಅಂತ ಕೇಳಿದರೆ ಏನು ಹೇಳೋದು?

ಅದರ ಮೇಲೆ, ಓದು ಮುಗಿಸಿ ಸರ್ಕಾರಿ ಸೇವೆ ಮಾಡುತ್ತೇನೆ, ಹಳ್ಳಿಗೂ ಹೋಗುತ್ತೇನೆ ಅಂತ ಬರೆದುಕೊಡುವ ಬಾಂಡ್. ಕರ್ನಾಟಕದಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಬಂದದ್ದು 2012ರಲ್ಲಿ. ಕೇಸು ನಡೆದವು, ದಂಡದ ಮಾತು ಬಂತು. ಅದು ಬೇಕೋ ಬೇಡವೋ ಬೇರೆ ಚರ್ಚೆ. ಹುಡುಗರ ತಲೆಯಲ್ಲಿ ಹಳ್ಳಿ ಅಂದರೆ ಸಾಲ ತೀರಿಸುವ ಜಾಗ ಅಂತ ಕೂತುಬಿಟ್ಟಿತು.

2020ರಲ್ಲಿ ಕೋವಿಡ್ ಬಂದಾಗ ಸ್ವಲ್ಪ ದಿನ ಎಲ್ಲ ತಿರುಗುಮುರುಗು. ಕಾಂಟ್ಯಾಕ್ಟ್ ಟ್ರೇಸಿಂಗ್, ಕ್ವಾರಂಟೈನ್, ಸೋಂಕಿನ ದರ, ನಾವು ತೂಕಡಿಸುತ್ತಾ ಕೇಳಿದ ಪದಗಳೆಲ್ಲ ಟಿವಿಯಲ್ಲಿ. ಅಲೆ ಇಳಿಯಿತು, ಆ ಆಸಕ್ತಿಯೂ ಇಳಿಯಿತು.

ಈಗ ನಡೆಯುತ್ತಿರುವುದು 2022ರಲ್ಲಿ ಶುರುವಾದ ಕುಟುಂಬ ದತ್ತು ಕಾರ್ಯಕ್ರಮ. ಮೊದಲ ವರ್ಷದಿಂದಲೇ ಒಬ್ಬೊಬ್ಬ ವಿದ್ಯಾರ್ಥಿಗೆ ಮೂರರಿಂದ ಐದು ಮನೆ. ಒಂದು ಸಲ ಬರೆದುಕೊಂಡು ಬರುವುದಲ್ಲ, ವರ್ಷಗಟ್ಟಲೆ ಅದೇ ಮನೆಗೆ ಹೋಗಬೇಕು. ಪರಿಚಯದ ಹುಡುಗಿಯೊಬ್ಬಳು ಹೀಗೆ ನಾಲ್ಕು ಮನೆ ನೋಡಿಕೊಳ್ಳುತ್ತಿದ್ದಾಳೆ. ಒಂದು ಮನೆಯ ಅಜ್ಜಿಗೆ ಬಿಪಿ ಇರೋದು ಮೊದಲು ಗೊತ್ತಾದದ್ದೇ ಇವಳಿಂದ. ಈಗ ಅಜ್ಜಿ ಮಾತ್ರೆ ತಪ್ಪಿಸಿದರೆ ಮೊಮ್ಮಗ ಇವಳಿಗೆ ಫೋನ್ ಮಾಡುತ್ತಾನಂತೆ. ಹೇಳುವಾಗ ಅವಳಿಗೆ ಖುಷಿ. ಅದನ್ನೆಲ್ಲ ಲಾಗ್‌ಬುಕ್‌ನಲ್ಲಿ ಬರೀತೀಯಾ ಅಂದೆ. "ಅದಕ್ಕೆ ಕಾಲಮ್ಮೇ ಇಲ್ಲ ಅಂಕಲ್, ತಾರೀಕು ಮತ್ತು ಸಹಿ ಅಷ್ಟೇ" ಅಂದಳು.