ಬಂಗುಡೆ, ಗೇರುಸೊನೆ ಮತ್ತು ತುರಿಕೆಯ ಮಾತ್ರೆ

ಸಿಗಡಿ ತಿಂದ ಅರ್ಧ ಗಂಟೆಯೊಳಗೆ ಮೈಯೆಲ್ಲ ಏಳುವ ದದ್ದುಗಳನ್ನು ಕಾಸರಗೋಡಿನ ನಮ್ಮ ಮನೆಗಳಲ್ಲಿ ಹಿರಿಯರು ಪಿತ್ತದ ಗಂಧೆ ಎನ್ನುತ್ತಾರೆ. ಪಿತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಗಡಿ ಒಗ್ಗದವರ ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಐಜಿಇ ಎಂಬ ಪ್ರತಿಕಾಯಗಳು ಮೊದಲೇ ಅಂಟಿಕೊಂಡಿರುತ್ತವೆ. ಸಿಗಡಿಯ ಪ್ರೋಟೀನು ಅವಕ್ಕೆ ತಗಲಿದೊಡನೆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದು ರಕ್ತನಾಳಗಳಲ್ಲಿ ತನಗೆಂದೇ ಇರುವ ಎಚ್-1 ಗ್ರಾಹಕಗಳೆಂಬ ತಾಣಗಳಿಗೆ ಅಂಟಿದಾಗ ನಾಳಗಳು ಹಿಗ್ಗಿ, ದ್ರವ ಸೋರಿ, ಚರ್ಮ ಉಬ್ಬುತ್ತದೆ; ನರಗಳ ತುದಿಗೆ ಅಂಟಿದಾಗ ತುರಿಸುತ್ತದೆ.

ತುರಿಕೆಗೆ ನುಂಗುವ ಸೆಟಿರಿಜಿನ್‌ನಂಥ ಮಾತ್ರೆ ಹಿಸ್ಟಮಿನನ್ನು ನಾಶಮಾಡುವುದಿಲ್ಲ. ಅದು ಗ್ರಾಹಕವನ್ನು ಹಿಡಿದು, ಕೆಲಸ ಮಾಡದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಆಗಲೇ ಸೋರಿದ ದ್ರವವನ್ನು ಅದು ಮರಳಿಸಲಾರದಾದ್ದರಿಂದ ಎದ್ದ ದದ್ದು ನಿಧಾನವಾಗಿಯೇ ಇಳಿಯುತ್ತದೆ. ಇಂಥ ಔಷಧಿಗಳ ದಾರಿಯನ್ನು 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಡೇನಿಯಲ್ ಬೋವೆ ಅವರಿಗೆ 1957ರಲ್ಲಿ ನೊಬೆಲ್ ಬಂತು. ಇದೇ ಬಗೆಯ ಹಳೆಯ ಮಾತ್ರೆ ಕ್ಲೋರ್‌ಫೆನಿರಮಿನ್ ಮಿದುಳಿನೊಳಗೂ ನುಗ್ಗುತ್ತದೆ. ಅಲ್ಲಿ ನಮ್ಮನ್ನು ಎಚ್ಚರವಾಗಿಡುವುದೂ ಹಿಸ್ಟಮಿನೇ ಆದ್ದರಿಂದ ಆ ಮಾತ್ರೆ ನುಂಗಿದವರಿಗೆ ತೂಕಡಿಕೆ ಬರುತ್ತದೆ.

ಬಂಗುಡೆಯ ಕಥೆ ಬೇರೆ. ಹಿಡಿದ ಮೀನನ್ನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹೇರಳವಾಗಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ, ಮತ್ತು ಗಸಿಯನ್ನು ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಉಂಡವರ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ. ಮಾತ್ರೆಯಿಂದ ಇದೂ ಶಮನವಾಗುವುದರಿಂದ ಅಲರ್ಜಿಯೆಂದೇ ತಿಳಿದು ಬಂಗುಡೆಯನ್ನು ಶಾಶ್ವತವಾಗಿ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಕೆಟ್ಟ ಮೀನನ್ನು.

ಉಸಿರುಗಟ್ಟಿದರೆ, ನಾಲಿಗೆ ಊದಿದರೆ, ರಕ್ತದೊತ್ತಡ ಕುಸಿದರೆ ಮಾತ್ರೆಯನ್ನು ನಂಬಿ ಕೂರಬಾರದು. ಆಗ ಬೇಕಾದದ್ದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು, ಅದೂ ತಡವಿಲ್ಲದೆ.

ನನಗೆ ಹೆಚ್ಚು ಕಳವಳ ತರುವುದು ಗೇರುತೋಟದ ಕೆಲಸದವರ ಕೈಗಳು. ಬೀಜದ ಸಿಪ್ಪೆಯ ಸೊನೆ ಚರ್ಮವನ್ನು ನೇರವಾಗಿ ಸುಡುವುದಲ್ಲದೆ, ಕೆಲವರಲ್ಲಿ ಟಿ ಕೋಶಗಳೆಂಬ ಬೇರೆ ರಕ್ಷಣಾ ಕೋಶಗಳನ್ನು ಕೆರಳಿಸಿ ಒಂದೆರಡು ದಿನದ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಇಲ್ಲಿ ಹಿಸ್ಟಮಿನ್ ಮುಖ್ಯ ಪಾತ್ರಧಾರಿಯಲ್ಲ. ಹಾಗಾಗಿ ಅಂಗಡಿಯಿಂದ ತಂದ ತುರಿಕೆಯ ಮಾತ್ರೆಯಿಂದ ನಿದ್ದೆ ಬಂದೀತೇ ಹೊರತು ಗುಳ್ಳೆ ಒಣಗದು. ಸೊನೆ ತಗಲಿದ ಕೂಡಲೇ ಸಾಬೂನಿನಿಂದ ತೊಳೆಯಬೇಕು, ಕೈಗವಸು ಹಾಕಬೇಕು, ಗುಳ್ಳೆ ಎದ್ದರೆ ವೈದ್ಯರು ಹೇಳಿದ ಸ್ಟೀರಾಯ್ಡ್ ಮುಲಾಮು ಹಚ್ಚಬೇಕು.