ಪದ ಪರಿಚಯ: ಕಾಂಗೋ ರೆಡ್

ಹೆಸರು ಕೇಳಿದರೆ ಆಫ್ರಿಕಾದ ಯಾವುದೋ ಮರದ ತೊಗಟೆಯಿಂದ ಇಳಿಸಿದ ಬಣ್ಣ ಅನ್ನಿಸುತ್ತದೆ. ಕಾಂಗೋ ದೇಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 1880ರ ದಶಕದಲ್ಲಿ ಜರ್ಮನಿಯ ಪೌಲ್ ಬಾಟಿಗರ್ ತಯಾರಿಸಿದ ಈ ಬಣ್ಣವನ್ನು ಬರ್ಲಿನ್ನಿನ ಆಗ್ಫಾ ಕಂಪನಿ 1885ರಲ್ಲಿ ಮಾರಾಟಕ್ಕೆ ಬಿಟ್ಟಿತು. ಅದೇ ಊರಲ್ಲಿ ಆಗ ಕಾಂಗೋ ಕುರಿತ ರಾಜತಾಂತ್ರಿಕ ಸಮ್ಮೇಳನ ನಡೆದಿತ್ತು. ಎಲ್ಲರ ಬಾಯಲ್ಲಿದ್ದ ಹೆಸರನ್ನೇ ಡಬ್ಬಿಗೆ ಅಂಟಿಸಿದರು.

ಹತ್ತಿಗೆ ಕೆಂಪು ಹಿಡಿಸುವುದು ಅಲ್ಲಿಯವರೆಗೆ ದಿನಗಟ್ಟಲೆಯ ಕೆಲಸ: ಅಳಲೆಕಾಯಿ ಕಷಾಯ, ಪಟಕ, ಆಮೇಲೆ ಮಂಜಿಷ್ಠ. ಕಾಂಗೋ ರೆಡ್‌ಗೆ ಇದೊಂದೂ ಬೇಡ. ಇದರ ಅಣು ಉದ್ದ, ಚಪ್ಪಟೆ. ಹತ್ತಿಯ ಸೆಲ್ಯುಲೋಸ್ ಎಳೆಯ ಉದ್ದಕ್ಕೂ ಹಾಗೇ ಮಲಗಿಬಿಡುತ್ತದೆ. ಇಂಥವಕ್ಕೆ ಡೈರೆಕ್ಟ್ ಬಣ್ಣ ಎನ್ನುತ್ತಾರೆ, ಆ ಸಾಲಿನ ಮೊದಲಿಗರಲ್ಲಿ ಇದೂ ಒಂದು. 100 ಗ್ರಾಂ ನೂಲಿನ ಲಡಿಗೆ 1–2 ಗ್ರಾಂ ಬಣ್ಣ, 3 ಲೀಟರ್ ನೀರು, ಚೂರು ವಾಷಿಂಗ್ ಸೋಡಾ. ಕುದಿ ಬಂದ ಮೇಲೆ 15–20 ಗ್ರಾಂ ಉಪ್ಪನ್ನು ಎರಡು ಮೂರು ಕಂತಿನಲ್ಲಿ ಹಾಕಿ, ಮುಕ್ಕಾಲು ಗಂಟೆ ಕುದಿಸುವುದು. ನೀರಿನಲ್ಲಿ ಹತ್ತಿಗೂ ಬಣ್ಣಕ್ಕೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪು ಆ ಜಗಳ ಬಿಡಿಸುತ್ತದೆ. ಉಪ್ಪನ್ನು ಒಮ್ಮೆಲೇ ಸುರಿದರೆ ಲಡಿ ಪಟ್ಟೆಪಟ್ಟೆ. ದಾವಣಗೆರೆ, ಚಿತ್ರದುರ್ಗದ ಕೊಳವೆಬಾವಿಯ ಗಡಸು ನೀರಾದರಂತೂ ಬಣ್ಣ ಒಡೆದು ಚುಕ್ಕೆ ಬೀಳುತ್ತದೆ.

ಆದರೆ ಬಣ್ಣ ಬರೀ ಮಲಗಿರುತ್ತದೆ, ಬೇರು ಬಿಟ್ಟಿರುವುದಿಲ್ಲ. ಒಗೆದರೆ ಬಿಡುತ್ತದೆ, ಬಿಸಿಲಿಗೆ ಮಾಸುತ್ತದೆ. ಇನ್ನೂ ದೊಡ್ಡ ಐಬು ಹುಳಿ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 5ರ ಮೇಲೆ ಕೆಂಪು, 3ಕ್ಕೆ ಇಳಿದರೆ ನೀಲಿ. ಕಾಂಗೋ ರೆಡ್ ಹಾಕಿದ ಬಟ್ಟೆಯ ಮೇಲೆ ಮಂಡಕ್ಕಿಗೆ ಹಿಂಡಿದ ನಿಂಬೆರಸ ಒಂದು ಹನಿ ಸಿಡಿದರೂ ಅಲ್ಲಿ ನೀಲಿ ಮಚ್ಚೆ. ಸೋಡಾ ನೀರು ಸೋಕಿಸಿದರೆ ಮತ್ತೆ ಕೆಂಪು. ಮೊಳಕಾಲ್ಮೂರಿನ ಸೀರೆಯಂಥ ರೇಷ್ಮೆಗೆ ಇದು ಒಗ್ಗದು: ರೇಷ್ಮೆಗೆ ಸಾಮಾನ್ಯವಾಗಿ ಬಣ್ಣ ಹಾಕುವುದೇ ಹುಳಿ ನೀರಿನಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ಮೂಲವಸ್ತು ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರ್ ತರುವಂಥದ್ದು. ಬೆಂಜಿಡೀನ್ ಬಣ್ಣಗಳಿಗೆ ಭಾರತದಲ್ಲಿ 1990ರ ದಶಕದಲ್ಲೇ ನಿಷೇಧ ಬಿತ್ತು. ಮೇಲಿನ ಅಳತೆ ತಿಳಿವಳಿಕೆಗಷ್ಟೇ, ಮನೆಯಲ್ಲಿ ಮಾಡಿ ನೋಡುವುದಕ್ಕಲ್ಲ.

ಉಳಿದದ್ದು ಪ್ರಯೋಗಾಲಯದ ಬಾಟಲಿಯಲ್ಲಿ. ಅಂಗಾಂಗಗಳಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನ್ ನಾರಿನ ಮೇಲೂ ಈ ಅಣು ಹತ್ತಿಯ ಮೇಲೆ ಮಲಗಿದಂತೆಯೇ ಸಾಲಾಗಿ ಮಲಗುತ್ತದೆ. ಪೆಥಾಲಜಿಯವರು ಸ್ಲೈಡನ್ನು ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿಟ್ಟು ನೋಡಿದರೆ ಕೆಂಪಿದ್ದದ್ದು ಹಸಿರು ಸೇಬಿನ ಬಣ್ಣದಲ್ಲಿ ಹೊಳೆಯುತ್ತದೆ. ಇದಕ್ಕೆ ಅಂಗಾಂಶವನ್ನು 8–10 ಮೈಕ್ರಾನ್ (ಮಿಲಿಮೀಟರಿನ ಸಾವಿರದೊಂದು ಭಾಗವೇ ಮೈಕ್ರಾನ್) ದಪ್ಪಕ್ಕೆ ಕೊಯ್ಯಬೇಕು. ವಾಡಿಕೆಯ 3–4 ಮೈಕ್ರಾನಿಗೆ ಕೊಯ್ದರೆ ಹಸಿರು ಕಾಣದೇ ಹೋಗಬಹುದು. ಬಿಳಿ ಹೊಳಪು ಕಂಡರೆ ಅದು ದೇಹದ ಸಹಜ ನಾರಾದ ಕೊಲಾಜೆನ್, ಮೋಸ ಹೋಗಬಾರದು.

ಸೂಕ್ಷ್ಮಜೀವಿ ವಿಭಾಗದಲ್ಲಿ ಇನ್ನೊಂದು ಉಪಯೋಗ: ಸೆಲ್ಯುಲೋಸ್ ತಿನ್ನುವ ಬ್ಯಾಕ್ಟೀರಿಯಾ ಪತ್ತೆ. ಸೆಲ್ಯುಲೋಸ್ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸಿದ ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಗೆ ಶೇಕಡ 0.1ರ ದ್ರಾವಣ ಹೊಯ್ದು 15 ನಿಮಿಷ ಬಿಟ್ಟು, ಲೀಟರಿಗೆ 58 ಗ್ರಾಂ ಉಪ್ಪಿನ ನೀರಿನಲ್ಲಿ ತೊಳೆಯುತ್ತಾರೆ. ಸೆಲ್ಯುಲೋಸ್ ತಿಂದ ಬ್ಯಾಕ್ಟೀರಿಯಾದ ಸುತ್ತ ಬಣ್ಣ ನಿಲ್ಲುವುದಿಲ್ಲ, ತಿಳಿ ಹಳದಿ ಉಂಗುರ ಏಳುತ್ತದೆ. ಉಂಗುರ ಮಸುಕಾಗಿದ್ದರೆ ಮೇಲೆ ತುಸು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹೊಯ್ದರಾಯಿತು: ತಟ್ಟೆಯೆಲ್ಲ ನೀಲಿಗೆ ತಿರುಗಿ ಉಂಗುರ ಎದ್ದು ಕಾಣುತ್ತದೆ.