ಬಿದಿರಿದ್ದರೆ ಸಾಕೇ? ಕೆಂಪು ಪಾಂಡಾ ಮೃಗಾಲಯಕ್ಕೆ ಬಂದ ದಾರಿ

ರಜೆಯಲ್ಲಿ ಶಿವಮೊಗ್ಗದ ಹತ್ತಿರದ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಇಲ್ಲಿ ಕೆಂಪು ಪಾಂಡಾ ಇಲ್ವಾ? ಮೊಬೈಲಿನಲ್ಲಿ ಆ ಮುದ್ದು ಮುಖ ನೋಡಿರುತ್ತಾರೆ. ದೊಡ್ಡವರೂ ದನಿಗೂಡಿಸುತ್ತಾರೆ: ಅದು ತಿನ್ನೋದು ಬಿದಿರು, ಮಲೆನಾಡಲ್ಲಿ ಬಿದಿರಿಗೇನು ಕೊರತೆ? ಮಳೆಗಾಲದಲ್ಲಿ ನಾವು ಕಳಲೆ ಪಲ್ಯ ಮಾಡಿಕೊಂಡು ತಿನ್ನುವವರು, ಹಾಗಾಗಿ ಈ ಮಾತು ಸರಿ ಅನ್ನಿಸುತ್ತದೆ. ಆದರೆ ವಿಷಯ ಅಷ್ಟು ಸಲೀಸಲ್ಲ.

ಮೊದಲು ಹೆಸರಿನ ಗೊಂದಲ. ಕಪ್ಪು-ಬಿಳಿ ಪಾಂಡಾ ಕರಡಿಯ ಜಾತಿ. ಕೆಂಪು ಪಾಂಡಾ ಕರಡಿಯಲ್ಲ. ಅದರ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ. ನಮ್ಮ ತುಂಗೆ, ಭದ್ರೆಯ ನೀರುನಾಯಿಯೇ ಅದಕ್ಕೆ ಕರಡಿಗಿಂತ ಹತ್ತಿರದ ನೆಂಟ. ವಿಜ್ಞಾನದ ಪುಸ್ತಕಕ್ಕೆ ಕೆಂಪು ಪಾಂಡಾ ಸೇರಿದ್ದು 1825ರಲ್ಲಿ, ದೊಡ್ಡದು ಸೇರಿದ್ದು 1869ರಲ್ಲಿ. ಪಾಂಡಾ ಅನ್ನುವ ಹೆಸರು ಮೊದಲು ಈ ಚಿಕ್ಕದರದ್ದೇ.

ಅದೇ 1869ರಲ್ಲಿ ಲಂಡನ್ ಮೃಗಾಲಯಕ್ಕೆ ಜೀವಂತ ಕೆಂಪು ಪಾಂಡಾ ತಲುಪಿತು. ಕಳಿಸಿದ್ದು ಮೂರು, ಬದುಕಿ ಬಂದದ್ದು ಒಂದು. ಅದೂ ಬಹಳ ದಿನ ಉಳಿಯಲಿಲ್ಲ. ಮುಂದಿನ ನೂರು ವರ್ಷ ಕಾಡಿನಿಂದ ಹಿಡಿದು ತರುವುದು, ಸತ್ತರೆ ಮತ್ತೆ ತರುವುದು, ಹೆಚ್ಚಾಗಿ ಇದೇ ನಡೆಯಿತು. ಏನು ತಿನ್ನಿಸಬೇಕೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಇದರ ಹೊಟ್ಟೆ ಮಾಂಸಾಹಾರಿಯದು, ಊಟ ಮಾತ್ರ ಬಿದಿರು. ತಿಂದದ್ದರಲ್ಲಿ ಸ್ವಲ್ಪವೇ ಮೈಗೆ ಹತ್ತುವುದರಿಂದ ಎಳೆ ಎಲೆ, ಕಳಲೆ ಆರಿಸಿಕೊಂಡು ದಿನವಿಡೀ ತಿನ್ನುತ್ತಲೇ ಇರಬೇಕು. ಕೈಗೆ ಸಿಕ್ಕ ಬಿದಿರು ಹಾಕಿದರೆ ಆಗುವುದಿಲ್ಲ.

ಆಮೇಲೆ ರೋಗ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ತಗುಲಿದರೆ ಇದು ಬದುಕುವುದು ಕಷ್ಟ. ನಾಯಿಗೆ ಹಾಕುವ ಜೀವಂತ ವೈರಸ್ಸಿನ ಲಸಿಕೆಯಿಂದಲೇ ರೋಗ ಹತ್ತಿ ಮೃಗಾಲಯದಲ್ಲಿ ಕೆಂಪು ಪಾಂಡಾ ಸತ್ತದ್ದೂ ಉಂಟು. ಕಾಪಾಡಲು ಹೋಗಿ ಕಲಿತ ಪಾಠ ಅದು. 1970ರ ದಶಕದ ಕೊನೆಗೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಮೃಗಾಲಯ ಜಗತ್ತಿನ ಮೃಗಾಲಯಗಳ ಕೆಂಪು ಪಾಂಡಾಗಳ ವಂಶಾವಳಿ ಬರೆದಿಡತೊಡಗಿತು. ಯಾವುದಕ್ಕೆ ಯಾವುದು ಜೋಡಿಯಾದರೆ ರಕ್ತಸಂಬಂಧ ಆಗುವುದಿಲ್ಲ ಎಂದು ನೋಡಿ ಮರಿ ಮಾಡಿಸುವುದು ಆಗ ಶುರುವಾಯಿತು.

ನನಗೆ ತುಂಬ ಇಷ್ಟವಾದ ಭಾಗ ಡಾರ್ಜಿಲಿಂಗಿನದು. ಅಲ್ಲಿನ ಪದ್ಮಜಾ ನಾಯ್ಡು ಮೃಗಾಲಯ ಹುಟ್ಟಿದ್ದು 1958ರಲ್ಲಿ. 1990ರ ದಶಕದಲ್ಲಿ ಕೆಂಪು ಪಾಂಡಾ ಸಾಕುವ ಕೆಲಸ ಅಲ್ಲಿ ಗಟ್ಟಿಯಾಯಿತು. ಯುರೋಪಿನ ಮೃಗಾಲಯಗಳಿಂದಲೂ ಹೊಸ ರಕ್ತ ಬಂತು. 2003ರಲ್ಲಿ ಸ್ವೀಟಿ, ಮಿನಿ ಎಂಬ ಎರಡು ಹೆಣ್ಣುಗಳನ್ನು ಪಕ್ಕದ ಸಿಂಗಾಲಿಲಾ ಕಾಡಿಗೆ ಬಿಟ್ಟರು. ಮಿನಿ ಬೇರೆ ಪ್ರಾಣಿಯ ಬಾಯಿಗೆ ಸಿಕ್ಕಿತು. ಸ್ವೀಟಿ ಕಾಡಿನ ಗಂಡಿನೊಡನೆ ಕೂಡಿ ಮರದ ಪೊಟರೆಯಲ್ಲಿ ಮರಿ ಹಾಕಿತು. ಪಂಜರದಲ್ಲಿ ಹುಟ್ಟಿದ ಜೀವಕ್ಕೆ ಪೊಟರೆ ಹುಡುಕಲು ಯಾರು ಹೇಳಿಕೊಟ್ಟರು? ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. 2022ರಿಂದ 2024ರ ನಡುವೆ ಇನ್ನೂ ಒಂಬತ್ತನ್ನು ಅದೇ ಕಾಡಿಗೆ ಬಿಟ್ಟರು. ಹೊರಗೆ ಕಾಡು, ಒಳಗೂ ಅದೇ ಚಳಿ ಇದ್ದದ್ದರಿಂದ ಇದೆಲ್ಲ ಆಯಿತು.

ಈ ನಡುವೆ ಇನ್ನೊಂದು ಗಂಟು ಬಿತ್ತು. 2020ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದವರು ಇವು ಒಂದಲ್ಲ, ಹಿಮಾಲಯದ್ದು ಮತ್ತು ಚೀನಾದ್ದು ಎಂದು ಎರಡು ಜಾತಿ ಎಂದರು. ಹಾಗಾದರೆ ಎರಡನ್ನೂ ಬೆರಕೆ ಮಾಡದೆ ಬೇರೆ ಬೇರೆಯಾಗಿಯೇ ಬೆಳೆಸಬೇಕು. ಕಾಡಿನಲ್ಲಂತೂ ಕಷ್ಟ ಹೆಚ್ಚುತ್ತಿದೆ: ಮರ ಹೋಗುತ್ತದೆ, ಬಿದಿರು ಹೋಗುತ್ತದೆ, ದನ ಕಾಯುವವರ ಹಿಂದೆ ನಾಯಿ ಬರುತ್ತದೆ. ನಮ್ಮಲ್ಲಿ ಹೂ ಬಿಟ್ಟ ಬಿದಿರು ಮೆಳೆ ಒಣಗಿಹೋಗುತ್ತದಲ್ವಾ, ಅಲ್ಲೂ ಹಾಗೆಯೇ. ಕಾಡು ತುಂಡಾಗಿದ್ದರೆ ಪಾಪ, ಬೇರೆ ಮೆಳೆ ಹುಡುಕಿಕೊಂಡು ಹೋಗಲು ದಾರಿಯೇ ಇರುವುದಿಲ್ಲ. 2015ರಿಂದ ಇದು ಅಳಿವಿನಂಚಿನ ಪಟ್ಟಿಯಲ್ಲಿದೆ.

ಈಗ ತ್ಯಾವರೆಕೊಪ್ಪದ ಪ್ರಶ್ನೆಗೆ ಬರೋಣ. ಕೆಂಪು ಪಾಂಡಾ ಸಾಮಾನ್ಯವಾಗಿ 2,200 ಮೀಟರಿಗಿಂತ ಮೇಲೆ ಇರುವ ಪ್ರಾಣಿ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕೆಂಪು ಪಾಂಡಾಕ್ಕೆ ಪಾದದ ಅಡಿಯಲ್ಲೂ ದಟ್ಟ ಕೂದಲು. 25 ಡಿಗ್ರಿ ದಾಟಿದರೆ ತಡೆಯದು. ಶಿವಮೊಗ್ಗದ ಏಪ್ರಿಲ್ ಹೇಗಿರುತ್ತದೆಂದು ನಮಗೇ ಗೊತ್ತು. ತಂದರೆ ಏಸಿ ಕೋಣೆಯಲ್ಲಿ, ಗಾಜಿನ ಹಿಂದೆ ಇಡಬೇಕು. ಮಕ್ಕಳು ಎರಡು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ಅದು ಮಾತ್ರ ಬೇಸಿಗೆ ಪೂರ್ತಿ ಅಲ್ಲೇ ಇರಬೇಕು.